ಹಳೆಯ ತಾಮ್ರದ ಕಾಸು, ತೋಟದ ಬಿಲ್ಲೆ

ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಸದಸ್ಯ ಬಾಂಧವರಿಗೆ ನಾಲ್ಕು ದಿನ ಬಿಡುವು ಸಿಗುವುದುಂಟು. ಆ ಬಿಡುವಿನಲ್ಲಿ ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಒಮ್ಮೆ ಇಳಿಸಿ ನೋಡಬೇಕೆಂಬುದು ನಮ್ಮ ವಿನಂತಿ. ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಡುವ ತಾಮ್ರದಲ್ಲಿ ನಾಡಿನ ಚರಿತ್ರೆಯೇ ಇರಬಹುದು.

ಟೀಪೂ ಸುಲ್ತಾನನ ತಾಮ್ರದ ಪೈಸೆಯನ್ನು ಆನೆಯ ಚಿತ್ರದಿಂದ ಗುರುತಿಸಬಹುದು. ಹಿಂಬದಿಯಲ್ಲಿ ಪಟ್ಟಣ, ನಗರ ಮೊದಲಾದ ಟಂಕಸಾಲೆಗಳ ಹೆಸರು ಪಾರಸಿಯಲ್ಲಿರುತ್ತದೆ. 1787ರಿಂದೀಚಿನವುಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಲಿಪಿಗಳನ್ನು ಕಾಣಬಹುದು. ನಡುವೆ ತೂತಿರುವ ಪೈಸೆ 1943ರಿಂದ 1947ರವರೆಗಿನದು. ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ ಉಪಾಯ. ರೂಪಾಯಿಗೆ 64 ಪೈಸೆ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ಮುಗಿದು 100 ನಯಾ ಪೈಸೆ ಬಂದಿತು.

ಕಾಫಿ ಬೆಳೆಗಾರರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಬಿಲ್ಲೆ. ಸಿಂಹಳದಲ್ಲಿ ಎಲೆತುಕ್ಕು ರೋಗ 1869ರಲ್ಲಿ ಕಾಣಿಸಿಕೊಂಡು ಕಾಫಿಯೇ ಅಳಿದು ಚಹಾ ಬಂದಿತು. ಆದರೆ ಅಲ್ಲಿನ ಕಾಫಿ ತೋಟ, ಮಿಲ್ಲುಗಳು ಕೂಲಿಗಳಿಗೆ ಕೊಟ್ಟ ತಾಮ್ರ, ಹಿತ್ತಾಳೆಯ ಬಿಲ್ಲೆಗಳು ಇಂದಿಗೂ ಸಂಗ್ರಾಹಕರ ಕೈಯಲ್ಲಿವೆ. ನಮ್ಮ ಅಜ್ಜನವರ ಕಾಲದಲ್ಲಿ ನಮ್ಮ ತೋಟದಲ್ಲೂ ಇಂಥ ಪದ್ಧತಿಯಿತ್ತು. ಹಣ್ಣು ಅಳೆದು ಕೊಟ್ಟವರಿಗೆ ನಂಬರಿನ ಬಿಲ್ಲೆ. ವಾರದ ಬಟವಾಡೆಯಲ್ಲಿ ಬಿಲ್ಲೆ ಒಪ್ಪಿಸಿದರೆ ಹಣ.

ಈ ಬಗ್ಗೆ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನಾವು ಆ ಬಿಲ್ಲೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಚಿನ್ನದಂತೆ ಹೊಳೆಯಿಸಿದೆವು. ಮೊದಲೇ ಸವೆದಿದ್ದ ನಂಬರುಗಳು ಪೂರಾ ಅಳಿಸಿಹೋದವು. ಕೆಲವು ವರ್ಷಗಳ ಹಿಂದೆ ಲೈನ್ ಮನೆಯ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಕಪ್ಪಾದ ಒಂದು ಬಿಲ್ಲೆಯನ್ನು ಬಿಚ್ಚಿ ಕೊಟ್ಟರು. “ಅಯ್ಯಾ, ನಮ್ಮತ್ತೆದು. ಜ್ವರ ಬಂದು ಬಟವಾಡೆಗೆ ಬರಕ್ಕಾಗ್ಲಿಲ್ಲ, ಆಮೇಲೆ ಏಳ್ಲೇ ಇಲ್ಲ” ಎಂದರು. ಯಾರೂ ತಿಕ್ಕದ ಕಾರಣ ನಂಬರು ಸ್ಪಷ್ಟವಾಗಿತ್ತು. ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಅದೇ ನಂಬರು, ಅದೇ ಹೆಸರು. ಪಾವತಿಯ ಕಲಮು ಮಾತ್ರ ಖಾಲಿ. ಒಂದು ದಿನದ ಕೊಯ್ಲಿನ ಕೂಲಿಯನ್ನು ಈಗಿನ ದರದಲ್ಲಿ ಕೊಟ್ಟೆವು. ಬಿಲ್ಲೆಯನ್ನು ನೆನಪಿಗೆ ಇಟ್ಟುಕೊಳ್ಳಿರೆಂದರೆ ಅಜ್ಜಿ ಒಪ್ಪಲಿಲ್ಲ. “ದುಡ್ಡು ತಗಂಡ ಮೇಲೆ ಬಿಲ್ಲೆ ತೋಟದ್ದು” ಎಂದುಬಿಟ್ಟರು. ಅಂದೇ ಆ ಖಾಲಿ ಕಲಮನ್ನು ತುಂಬಿದೆವು.

ಆದ್ದರಿಂದ ಹವ್ಯಾಸಕ್ಕೆ ತೊಡಗುವವರಿಗೆ ನಾಲ್ಕು ಮಾತು. ಹುಳಿ, ಬೂದಿ, ಬ್ರಾಸೋ ಯಾವುದನ್ನೂ ಹಚ್ಚಬೇಡಿ. ಕಪ್ಪು ಪದರವೇ ತಾಮ್ರಕ್ಕೆ ಕವಚ. ಮಣ್ಣಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ ಆಡಿಸಿ, ಚೆನ್ನಾಗಿ ಒಣಗಿಸಿ. ಕಾಫಿಯಂತೆ ಕಾಸಿಗೂ ಮಲೆನಾಡಿನ ಶೀತವೇ ಶತ್ರು. ಮೈಲುತುತ್ತದ ಬಳಕೆಯಿರುವ ನಮಗೆ ತಾಮ್ರದ ಹಸಿರು ಹೊಸದಲ್ಲ. ಆದರೆ ತಿಳಿಹಸಿರು ಪುಡಿ ಉದುರುವ ಕಾಸನ್ನು ಕೂಡಲೇ ಬೇರೆಯಿಡಬೇಕು. ಅಗ್ಗದ ಪಿವಿಸಿ ಚೀಲ ಬೇಡ, ಕಾಗದದ ಲಕೋಟೆ ಸಾಕು. ಎಲ್ಲಿ, ಯಾರಿಂದ ಬಂತೆಂಬುದನ್ನು ಲಕೋಟೆಯ ಮೇಲೆ ಬರೆಯಿರಿ. ಗುಂಡಿ ತೆಗೆಯುವಾಗ ಹೂತಿಟ್ಟ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸುವುದು ಕಾನೂನಿನಂತೆ ಕಡ್ಡಾಯ. ನೂರು ವರ್ಷ ಮೀರಿದ ನಾಣ್ಯವನ್ನು ಅನುಮತಿಯಿಲ್ಲದೆ ವಿದೇಶಕ್ಕೆ ಒಯ್ಯುವಂತಿಲ್ಲ.

ತಮ್ಮ ತೋಟದ ಬಿಲ್ಲೆಗಳಿದ್ದ ಸದಸ್ಯರು ಮುಂದಿನ ಮಹಾಸಭೆಗೆ ತಂದು ತೋರಿಸಿದರೆ ಸಂತೋಷ. ಜೊತೆಗೆ ಹಳೆಯ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ ಬನ್ನಿ.