ಘಟಿಕೋತ್ಸವಕ್ಕೆ ಹೊರಟು ಬಜಪೆಯಲ್ಲಿ ಬಾಕಿ

ಕಳೆದ ಜುಲೈಯ ಒಂದು ಶನಿವಾರ. ಮರುದಿನ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಮಗಳ ಘಟಿಕೋತ್ಸವ. ಮಧ್ಯಾಹ್ನದವರೆಗೆ ಅಡಿಕೆಗೆ ಮದ್ದು ಬಿಡಿಸಿ, ರಾತ್ರಿ 8ರ ವಿಮಾನಕ್ಕೆಂದು ನಾವಿಬ್ಬರೂ ಬಜಪೆಗೆ ಹೋದೆವು. ಪೇಟೆಯಲ್ಲಿ ಮಳೆಯೇ ಇಲ್ಲ. ಆದರೂ ವಿಮಾನ ಬರಲಿಲ್ಲ!

ಸಂಗತಿ ಏನೆಂದರೆ, ಬಜಪೆ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ. ಕೆಳಗೆ ತಿಳಿಯಾಗಿದ್ದರೂ ಮಳೆಗಾಲದಲ್ಲಿ ಮೇಲೆ ಮೋಡ ಬಂದು ಕೂತುಬಿಡುತ್ತದೆ. ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವಂತಿಲ್ಲ. ಬೇರೆ ಊರಿಗೆ ಹೋಗಿ ಇಳಿಸ್ತಾರೆ. ನಾವು ಹತ್ತಬೇಕಾದದ್ದೂ ಅದೇ ವಿಮಾನ. ಇನ್ನೊಂದು, ಒಂದೇ ವಿಮಾನ ದಿನಕ್ಕೆ ನಾಲ್ಕಾರು ಊರು ಸುತ್ತುತ್ತದೆ. ಬೆಳಿಗ್ಗೆ ಎಲ್ಲೋ ಆದ ತಡ ಬೆಳೆಯುತ್ತಾ ಬಂದು ರಾತ್ರಿಯವರ ತಲೆಗೆ ಬೀಳುತ್ತದೆ.

'ಇನ್ನರ್ಧ ಗಂಟೆ' ಎನ್ನುತ್ತಲೇ ಇದ್ದವರು ಹನ್ನೊಂದೂವರೆಗೆ ರದ್ದು ಎಂದರು. ಅಷ್ಟರಲ್ಲಿ ರಾತ್ರಿ ಬಸ್ಸುಗಳೂ ಹೋಗಿಯಾಗಿತ್ತು. ಮರುದಿನ ನಾವು ತಲುಪುವಾಗ ಮಗಳು ಪದವಿ ತೆಗೆದುಕೊಂಡು ಹೊರಗೆ ಕಾಯುತ್ತಿದ್ದಳು.

ಆಮೇಲೆ ವಿಚಾರಿಸಿದೆ. ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಉಂಟು: ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆಗಿಂತ ಹೆಚ್ಚು ತಡವಾದರೆ ಕಂಪೆನಿಯವರು ತಿಂಡಿ-ಚಾ ಕೊಡಬೇಕು. ನಾವು ಕೇಳಲೇ ಇಲ್ಲ, ಕಟ್ಟಿ ತಂದಿದ್ದ ಅವಲಕ್ಕಿ ತಿಂದೆವು. ರದ್ದಾದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ. ಹವೆ ಕೆಟ್ಟು ರದ್ದಾದದ್ದಕ್ಕೆ ಅದರ ಮೇಲೆ ಪರಿಹಾರ ಇಲ್ಲ.

ಮಳೆಗಾಲದಲ್ಲಿ ತಪ್ಪಿಸಬಾರದ ಕಾರ್ಯವಿದ್ದರೆ ಹಿಂದಿನ ದಿನ ಬೆಳಗ್ಗಿನ ವಿಮಾನಕ್ಕೇ ಟಿಕೆಟು ಮಾಡಿಸಿ. ಅದು ಕೈಕೊಟ್ಟರೂ ರಾತ್ರಿ ಬಸ್ಸಿಗೆ ಸೀಟು ಹುಡುಕಲು ಇಡೀ ದಿನ ಇರ್ತದೆ.