ಹೃದಯದ ಕವಾಟ ಕೆಟ್ಟರೆ ಬದುಕಿನ ಬಾಗಿಲು ಮುಚ್ಚದು

"ಹೃದಯದ ಕವಾಟದಲ್ಲಿ ದೋಷವಿದೆ" ಎಂದು ವೈದ್ಯರು ಹೇಳಿದೊಡನೆ ನಮ್ಮ ಹೋಟೆಲು ಕೆಲಸಗಾರರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಜೀವದ್ದಲ್ಲ, ನೌಕರಿಯದು. ಧಣಿಗಳಿಗೆ ತಿಳಿದರೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸಿಯಾರೆಂಬ ಅಂಜಿಕೆ. ಊರಿನಲ್ಲಿ ತಾಯಿಗೆ ತಿಳಿದರೆ ಗತಿಯೇನೆಂಬ ಚಿಂತೆ. ಹೀಗಾಗಿ ವೈದ್ಯರ ಚೀಟಿ ಟ್ರಂಕಿನ ತಳ ಸೇರುತ್ತದೆ. ರೋಗಿ ಎಂದಿನಂತೆ ನಸುಕಿನಲ್ಲೆದ್ದು ಒಲೆಯ ಮುಂದೆ ನಿಲ್ಲುತ್ತಾನೆ. ಗುಮಾಸ್ತ ಬಂಧುಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಪುಣೆಯಲ್ಲಿ ಹಲವು ವರ್ಷ ಗಲ್ಲಾದ ಹಿಂದೆ ಕುಳಿತು ಈ ಬಾಳನ್ನು ಹತ್ತಿರದಿಂದ ಕಂಡ ನಾವು ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ: ಈ ರೋಗವನ್ನು ಮುಚ್ಚಿಡುವುದು ರೋಗಕ್ಕಿಂತಲೂ ಅಪಾಯಕರ.

ಕವಾಟವೆಂದರೆ ಬಾಗಿಲು. ಹೃದಯದಲ್ಲಿ ಇಂಥ 4 ಬಾಗಿಲುಗಳುಂಟು. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಿ, ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ಅವು ತಡೆಯುತ್ತವೆ. ಎಡಭಾಗದ ಕವಾಟ ಬಿಗಿದುಕೊಂಡರೆ ರಕ್ತವು ಶ್ವಾಸಕೋಶದ ಕಡೆ ಒತ್ತುತ್ತದೆ; ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರಿ ಹೃದಯದ ದುಡಿಮೆ ಹೆಚ್ಚುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಮಲಗಿದಾಗ ಉಸಿರು ಕಟ್ಟುವುದು, ಎದೆ ಡವಗುಟ್ಟುವುದು, ಪಾದಗಳ ಊತ, ಇವೇ ಅದರ ಕುರುಹುಗಳು.

ವೃದ್ಧರಲ್ಲಿ ಕವಾಟ ಸವೆದು ಗಡುಸಾಗುವುದುಂಟು. ನಮ್ಮ ದೇಶದ ಯುವಕರಲ್ಲಾದರೋ ಇದರ ಮೂಲ ಅನೇಕ ವೇಳೆ ಬಾಲ್ಯದ ಗಂಟಲುನೋವು. ಒಂದು ಬಗೆಯ ಕ್ರಿಮಿಯಿಂದ ಬಂದ ಆ ನೋವಿಗೆ ತಕ್ಕ ಔಷಧವಾಗದಿದ್ದರೆ ಕೆಲವರಿಗೆ ಕೀಲುನೋವಿನ ಜ್ವರ ಬರುತ್ತದೆ. ಕೀಲುಗಳು ಗುಣವಾಗುತ್ತವೆ; ಕವಾಟದ ಗಾಯ ಉಳಿದು, ವರ್ಷಗಳ ಮೇಲೆ ತಲೆಯೆತ್ತುತ್ತದೆ. ಆದುದರಿಂದ ಇದು ಯಾರ ಪಾಪದ ಫಲವೂ ಅಲ್ಲ. ಕವಾಟದ ದೋಷವು ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಕೋಣೆಯ ಜತೆಗಾರರು ಲೋಟ ಬೇರೆ ಇಡಬೇಕಾಗಿಲ್ಲ.

ದೋಷವಿದ್ದವರಿಗೆಲ್ಲ ಶಸ್ತ್ರಚಿಕಿತ್ಸೆಯಾಗಬೇಕೆಂದಿಲ್ಲ. ಅಲ್ಪ ದೋಷಕ್ಕೆ ಕಾಲಕಾಲಕ್ಕೆ ಎಕೋ ಪರೀಕ್ಷೆ ಸಾಕು. ಕೀಲುಜ್ವರದ ಮೂಲದವರಿಗೆ ಸಾಮಾನ್ಯವಾಗಿ 3 ಅಥವಾ 4 ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಮದ್ದನ್ನು ಹಲವು ವರ್ಷ ಕೊಡುತ್ತಾರೆ. ಬಿಗಿದ ಕವಾಟವನ್ನು, ಅದು ತಕ್ಕ ಸ್ಥಿತಿಯಲ್ಲಿದ್ದರೆ, ಎದೆ ಸೀಳದೆಯೇ ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಹಿಗ್ಗಿಸಬಹುದು. ಜಪಾನಿನ ಡಾ. ಇನೋವೆ 1984ರಲ್ಲಿ ಪ್ರಕಟಿಸಿದ ವಿಧಾನವಿದು.

ಕವಾಟವನ್ನೇ ಬದಲಿಸಬೇಕಾದರೂ ಎದೆಗುಂದಬೇಕಾಗಿಲ್ಲ. ಒಂದು ಕಾಲಕ್ಕೆ ವಿದೇಶದ ಕವಾಟವೇ ಗತಿಯಾಗಿತ್ತು. ಅದರ ಬೆಲೆ ಬಡವನ ಕೈಗೆಟುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಥಾನ್ ಮತ್ತು ಸಂಗಡಿಗರು ದೇಶೀಯ ಕವಾಟಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದರು. ಮೊದಲಿನ 3 ಮಾದರಿಗಳು ವಿಫಲವಾದವು. ನಾಲ್ಕನೆಯದನ್ನು 1990ರ ಡಿಸೆಂಬರ್ 6ರಂದು ಮೊದಲ ಬಾರಿ ರೋಗಿಯೊಬ್ಬರಿಗೆ ಜೋಡಿಸಿದರು. ಪ್ರೆಸ್ಟೀಜ್ ಕುಕ್ಕರಿನಿಂದ ಹೆಸರಾದ ಟಿ.ಟಿ.ಕೆ. ಬಳಗವೇ ಅದರ ತಯಾರಿಕೆಯನ್ನು ವಹಿಸಿಕೊಂಡಿತು. ವಲಿಯಥಾನರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ದುಡಿದು, 2024ರಲ್ಲಿ ಕಾಲವಾದರು.

ಲೋಹದ ಕವಾಟ ಹಾಕಿಸಿಕೊಂಡವರಿಗೆ ಒಂದು ಕಟ್ಟುಪಾಡು ಉಂಟು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕು; ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನ ಮಾಡಿಸಬೇಕು. ಸೊಪ್ಪುಸದೆ ವರ್ಜ್ಯವಲ್ಲ, ಒಂದು ದಿನ ಬಹಳ, ಮರುದಿನ ಶೂನ್ಯ ಎಂಬಂತಾಗದೆ ಪ್ರಮಾಣ ಸಮನಾಗಿರಲಿ. ಮೈಕೈ ನೋವೆಂದು ಅಂಗಡಿಯ ಮಾತ್ರೆ ನುಂಗುವ ನಮ್ಮವರ ರೂಢಿ ಇಲ್ಲಿ ಸಲ್ಲದು, ರಕ್ತಸ್ರಾವವಾದೀತು. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಕವಾಟದ ವಿಷಯ ತಿಳಿಸತಕ್ಕದ್ದು. ಗರ್ಭ ಧರಿಸಬಯಸುವ ಹೆಣ್ಣುಮಕ್ಕಳು ಮೊದಲೇ ಹೃದಯವೈದ್ಯರ ಸಲಹೆ ಪಡೆಯಬೇಕು.

ಖರ್ಚಿನ ಚಿಂತೆಗೂ ದಾರಿಗಳಿವೆ. ಇ.ಎಸ್.ಐ. ಚೀಟಿಯುಳ್ಳವರು ಅದನ್ನು ಮರೆಯಬಾರದು. ನಮ್ಮ ನಗರದಲ್ಲಿ 1867ರಿಂದ ಬಡವರ ಆಸರೆಯಾದ ಸಸೂನ್ ಆಸ್ಪತ್ರೆಯಿದೆ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ಶೇಕಡ 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ ಇನ್ನು ಶೇಕಡ 10ನ್ನು ದುರ್ಬಲರಿಗೆ ರಿಯಾಯಿತಿಯಲ್ಲಿಯೂ ಮೀಸಲಿಡಬೇಕೆಂಬ ನಿಯಮವುಂಟು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ತಾವು ಅರ್ಹರೇ, ಯಾವ ಕಾಗದಪತ್ರ ಬೇಕು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬಹುದು. ಮರಾಠಿ ಬಾರದವರು ಬಲ್ಲ ಗೆಳೆಯರನ್ನು ಜತೆಗೆ ಕರೆದೊಯ್ಯಲಿ.

ಕಡೆಯದಾಗಿ ಹೋಟೆಲು ಧಣಿಗಳಿಗೆ ನಮ್ಮ ವಿನಂತಿ. ಉಸಿರು ಕಟ್ಟಿದ ಕೆಲಸಗಾರನಿಂದ ಅಕ್ಕಿಮೂಟೆ ಹೊರಿಸಬೇಡಿ. ವೈದ್ಯರು ಒಪ್ಪುವಂತಿದ್ದರೆ ಕೌಂಟರಿನಲ್ಲಿಯೋ ಲೆಕ್ಕದಲ್ಲಿಯೋ ಕೆಲಸ ಕೊಡಿ. ವಿಷಯ ತಿಳಿಸಿದವನನ್ನು ಕಳುಹಿಸಿಬಿಟ್ಟರೆ ಮುಂದಿನವನು ಬಾಯಿ ಬಿಡಲಾರ. ಕೆಲಸಗಾರ ಬಂಧುಗಳೇ, ನೀವೂ ಮನೆಯವರಿಗೆ ಮತ್ತು ನಂಬಿಕೆಯ ಒಬ್ಬ ಗೆಳೆಯನಿಗಾದರೂ ವಿಷಯ ತಿಳಿಸಿರಿ. ಗಲ್ಲಾದ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲಿನವನ ಬಾಕಿಯನ್ನೂ ಗ್ಯಾಸಿನ ತಾರೀಖನ್ನೂ ಗುರುತು ಹಾಕುತ್ತೇವೆ. ಅದರಲ್ಲಿಯೇ ಸೂಜಿಮದ್ದಿನ ದಿನಕ್ಕೂ ಒಂದು ಗುರುತಿರಲಿ. ಆ ದಿನ ಧಣಿಗಳೇ ನೆನಪಿಸಿ ರಜೆ ಕೊಟ್ಟು ಕಳುಹಿಸುವಂತಾಗಲಿ.