ತಟ್ಟೆ ಹೊತ್ತ ಕವಿಗಳು

‘ಎಡಗೈಯಲ್ಲಿ ಮೂರು ತಟ್ಟೆ, ಬಲಗೈಯಲ್ಲಿ ಒಂದು. ಮೊದಲು ಕಲಿತದ್ದು ಅದನ್ನೇ’ ಎಂದು ಆಕೆ ಖಾಲಿ ಕೈಗಳನ್ನು ಚಾಚಿ ತೋರಿಸಿದರು. ಈ ಶಿಬಿರದಲ್ಲಿ ಏನು ಕಲಿತಿರಿ ಎಂದು ನಾನು ಕೇಳಿದ್ದೆ. ಕವಿತೆಯ ಲಯದ ಬಗ್ಗೆ ಏನಾದರೂ ಹೇಳಿಯಾರು ಎಂದುಕೊಂಡಿದ್ದವನಿಗೆ ಸಿಕ್ಕಿದ್ದು ಊಟದ ಮನೆಯ ಕಥೆ. ಅಲ್ಲಿಂದ ಮುಂದೆ ನನಗೂ ಕವಿತೆಯ ನೆನಪಾಗಲಿಲ್ಲ.

ಜಾಗ ಅಮೆರಿಕದ ವರ್ಮಾಂಟ್ ರಾಜ್ಯದ ರಿಪ್ಟನ್. ಮಿಡಲ್‌ಬರಿ ಪೇಟೆಯಿಂದ 125ನೇ ನಂಬರಿನ ರಸ್ತೆ ಹೊಳೆಯ ಮಗ್ಗುಲಲ್ಲೇ ಕಾಡಿಗೆ ಏರುತ್ತದೆ. ಕಾಡು ತೆರೆದುಕೊಳ್ಳುವಲ್ಲಿ ದೊಡ್ಡ ಹುಲ್ಲುಗಾವಲು, ಅದರ ಅಂಚಿಗೆ ಹಳದಿ ಬಳಿದ ಮರದ ಕಟ್ಟಡಗಳು. ಇದೇ ಬ್ರೆಡ್ ಲೋಫ್. 1926ರಲ್ಲಿ ಶುರುವಾದ ಲೇಖಕರ ಬೇಸಿಗೆ ಶಿಬಿರ ಆಗಸ್ಟ್ ತಿಂಗಳಲ್ಲಿ ಹತ್ತು ದಿನ ನಡೆಯುತ್ತದೆ. ವಾಚನಕ್ಕೆ ಊರವರೂ ಬಂದು ಕೂರಬಹುದು, ಟಿಕೆಟ್ಟಿಲ್ಲ. ನಾನು ಹೋದದ್ದು ಅದಕ್ಕೇ. ಹಳೆಯ ಶಿಬಿರಾರ್ಥಿಯೊಬ್ಬರು ಪಕ್ಕದ ಕುರ್ಚಿಯಲ್ಲಿ ಕೂತಿದ್ದದ್ದು ನನ್ನ ಅದೃಷ್ಟ.

ಈ ಗುಡ್ಡದ ಪೂರ್ವಚರಿತ್ರೆ ಚುಟುಕಾಗಿ ಹೇಳೋಣವೆಂದರೆ ಜೋಸೆಫ್ ಬ್ಯಾಟೆಲ್ ಬಿಡುವುದಿಲ್ಲ. ಇಲ್ಲಿ ಅತಿಥಿಗೃಹ ಕಟ್ಟಿದ ಸಾಹುಕಾರ ಆತ. ಕುದುರೆ ಎಂದರೆ ಪ್ರಾಣ, ಕಾರು ಎಂದರೆ ಉರಿ. ಮಿಡಲ್‌ಬರಿಯಲ್ಲಿ ಸ್ವಂತ ಪತ್ರಿಕೆಯಿತ್ತು. ಅದರಲ್ಲಿ ಎಲ್ಲೆಲ್ಲಿಯೋ ನಡೆದ ಕಾರು ಅಪಘಾತಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸುತ್ತಿದ್ದ. ತನ್ನ ಅತಿಥಿಗೃಹದ ದಾರಿಗೆ ಕಾರು ಬರಕೂಡದೆಂದ. ಸಾಲದ್ದಕ್ಕೆ ಒಬ್ಬಳು ಹುಡುಗಿಯೂ ಒಂದು ಮುದಿ ಪೈನ್ ಮರವೂ ಗಣಿತ, ವಿಜ್ಞಾನಗಳನ್ನು ಚರ್ಚಿಸುವ ದಪ್ಪ ಪುಸ್ತಕವೊಂದನ್ನು ಬರೆದ. ಆ ಪುಸ್ತಕವನ್ನು ಕೊನೆಯವರೆಗೆ ಓದಿದ ಮನುಷ್ಯ ಸಿಕ್ಕರೆ ನಾನೇ ಹೋಗಿ ಕೈಕುಲುಕುತ್ತೇನೆ. 1915ರಲ್ಲಿ ಆತ ತೀರಿಕೊಂಡಾಗ ಸುಮಾರು 30,000 ಎಕರೆ ಕಾಡುಗುಡ್ಡ ಮಿಡಲ್‌ಬರಿ ಕಾಲೇಜಿಗೆ ಬಂತು. ಕಾಲೇಜು 1920ರಲ್ಲಿ ಇಲ್ಲಿ ಇಂಗ್ಲಿಷ್ ಬೇಸಿಗೆ ಶಾಲೆ ತೆರೆಯಿತು. ಅದು ಮುಗಿದ ಮೇಲೆ ಖಾಲಿ ಬೀಳುತ್ತಿದ್ದ ಕೋಣೆಗಳಲ್ಲಿ ಲೇಖಕರ ಶಿಬಿರ ನೆಲೆಯಾಯಿತು. ಅನುದಾನ, ದತ್ತಿ ಎಂದು ನಾವು ಏನೇನು ಹೆಸರಿಟ್ಟು ಕರೆದರೂ ಇಲ್ಲಿನ ಮೊದಲ ಬಂಡವಾಳ ಕಾರು ಕಂಡರಾಗದ ಒಬ್ಬನ ಕಾಡು.

ಉಳಿದದ್ದು ಗೊತ್ತಿರುವಂಥದ್ದೇ. ರಾಬರ್ಟ್ ಫ್ರಾಸ್ಟ್ ಬಂದರು, 1939ರಲ್ಲಿ ಪಕ್ಕದಲ್ಲೇ ತೋಟದ ಮನೆ ಕೊಂಡರು. ಅದರ ಹಿಂದಿನ ವರ್ಷ ಆರ್ಚಿಬಾಲ್ಡ್ ಮ್ಯಾಕ್ಲೀಶ್ ಕವಿತೆ ಓದುತ್ತಿದ್ದಾಗ ಇದೇ ಫ್ರಾಸ್ಟ್ ಹಿಂದೆ ಕೂತು ಕೈಯಲ್ಲಿದ್ದ ಕಾಗದಗಳಿಗೆ ಬೆಂಕಿ ಹಚ್ಚಿ ಸಭೆ ಕೆಡಿಸಿದ್ದರು. ದೊಡ್ಡ ಕವಿಗೆ ಎಲ್ಲವೂ ಮಾಫಿ. 1940ರಲ್ಲಿ ಯೂಡೋರಾ ವೆಲ್ಟಿ, ಕಾರ್ಸನ್ ಮ್ಯಾಕಲರ್ಸ್ ಇಬ್ಬರೂ ಇಲ್ಲಿ ಫೆಲೋಗಳು.

ಈಗ ತಟ್ಟೆಯ ವಿಷಯ. ಶಿಬಿರದ ಶುಲ್ಕ, ಊಟ, ವಸತಿ ಸೇರಿದರೆ ಸಾವಿರಾರು ಡಾಲರು. ಅಷ್ಟು ಕಟ್ಟಿ ಬರುವವರದು ಒಂದು ಗುಂಪು. ಪುಸ್ತಕ ಬಂದು ಹೆಸರಾಗುತ್ತಿರುವವರಿಗೆ ಫೆಲೋಶಿಪ್ಪು, ಪತ್ರಿಕೆಗಳಲ್ಲಿ ಬರೆದು ಕಣ್ಣಿಗೆ ಬಿದ್ದವರಿಗೆ ವಿದ್ಯಾರ್ಥಿವೇತನ. ಇವರ ನಡುವೆ ದಶಕಗಳ ಕಾಲ ಇನ್ನೊಂದು ವರ್ಗವಿತ್ತು: ವೇಟರುಗಳು. ಬರಹ ನೋಡಿಯೇ ಆರಿಸುತ್ತಿದ್ದರು, ಪೈಪೋಟಿಯೂ ಜೋರು. ಗೆದ್ದವರಿಗೆ ಶಿಬಿರ ಹೆಚ್ಚೂಕಡಿಮೆ ಪುಕ್ಕಟೆ, ಪ್ರತಿಯಾಗಿ ಉಳಿದವರಿಗೆಲ್ಲ ಊಟ ಬಡಿಸಬೇಕು.

ಬೆಳಗಿನ ತಿಂಡಿಗೆ ಎಲ್ಲರಿಗಿಂತ ಮೊದಲು ಏಳಬೇಕು. ತಿಂಡಿ ಮುಗಿಸಿ ಏಪ್ರನ್ ಬಿಚ್ಚಿ ಕಮ್ಮಟಕ್ಕೆ ಓಡಿದರೆ, ಈಗಷ್ಟೇ ಮೊಟ್ಟೆ ತಂದುಕೊಟ್ಟವರ ಎದುರಿಗೇ ಕೂತು ಅವರ ಕಥೆಯ ತಪ್ಪು ಹೇಳಬೇಕು. ಮಧ್ಯಾಹ್ನ ಮತ್ತೆ ಏಪ್ರನ್. ‘ನಿದ್ದೆ ಇರಲಿಲ್ಲ, ಅಹಂಕಾರ ಮಾತ್ರ ಬೇಕಾದಷ್ಟಿತ್ತು’ ಎಂದರು ಆಕೆ. ವೇಟರುಗಳದೇ ಒಂದು ವಾಚನ ನಡೆಯುತ್ತಿತ್ತು, ಕಿಕ್ಕಿರಿದು ಜನ. ಶಿಬಿರದ ಅಸಲಿ ಪ್ರತಿಭೆ ಅಲ್ಲೇ ಇದೆಯೆಂದು ಪ್ರಕಾಶಕರೂ ಏಜೆಂಟರೂ ಕಿವಿಗೊಟ್ಟು ಕೇಳುತ್ತಿದ್ದರಂತೆ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಾದರೂ ಚಿಂತೆಯಿಲ್ಲ ಎನ್ನುತ್ತೇವಲ್ಲ, ಇಲ್ಲಿ ಅದು ತಿರುವುಮುರುವು. ಯಾವ ಮೇಜಿಗೆ ಬಡಿಸಿದೆ ಎಂಬುದರ ಮೇಲೆ ಬಡಿಸುವವನ ಭವಿಷ್ಯ. ಎಡಿಟರ್ ಕೂತ ಮೇಜು ಸಿಕ್ಕರೆ ಸೂಪು ಚೆಲ್ಲದಂತೆ ನಡೆಯುವುದೇ ತಪಸ್ಸು.

ನನಗೆ ನಮ್ಮ ಮೈಸೂರಿನ ವಾರಾನ್ನ ನೆನಪಾಗದೆ ಇರಲಿಲ್ಲ. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ಹುಡುಗರು ಯಾರ ಮನೆಯಲ್ಲಿ ತುಪ್ಪ ಬಿತ್ತು, ಯಾರ ಮನೆಯಲ್ಲಿ ತಣಿದ ಅನ್ನ ಬಿತ್ತು ಎಂಬುದನ್ನು ಮುಪ್ಪಿನವರೆಗೂ ಮರೆಯಲಿಲ್ಲ. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಆ ಹಸಿವು ಏನೆಂದು ಹೇಳಬೇಕಾಗಿಲ್ಲ. ಈಕೆಗೂ ಅಷ್ಟೇ: ಯಾವ ಕಾದಂಬರಿಕಾರ ತಲೆಯೆತ್ತಿ ಹೆಸರು ಕೇಳಿದ, ಯಾವ ಕವಿ ಮಾತಿನ ಮಧ್ಯೆ ಬೆರಳಲ್ಲೇ ಕಾಫಿ ಎಂದು ಸನ್ನೆ ಮಾಡಿದ, ಎಲ್ಲ ಬಾಯಿಪಾಠ. ಸನ್ನೆ ಮಾಡಿದವನ ಹೆಸರನ್ನು ನಾನು ಪೀಡಿಸಿ ಕೇಳಿದೆ, ಹೇಳಲಿಲ್ಲ.

ಈ ಮೇಲುಕೀಳು ಲೋಕಪ್ರಸಿದ್ಧವೇ. ‘ದ ಸಿಂಪ್ಸನ್ಸ್’ ಕಾರ್ಟೂನು 2006ರಲ್ಲಿ ‘ವರ್ಡ್‌ಲೋಫ್’ ಎಂದು ಹೆಸರು ತಿರುಚಿ ಒಂದು ಕಂತಿನಲ್ಲಿ ಗೇಲಿ ಮಾಡಿತ್ತು. ಆದರೆ ವೇಟರುಗಳಲ್ಲಿ ಕರಿಯರು, ವಲಸಿಗರ ಮಕ್ಕಳು ಹೆಚ್ಚುತ್ತ ಬಂದು, ಕುಳಿತು ಉಣ್ಣುವವರು ಬಹುಪಾಲು ಬಿಳಿಯರೇ ಆಗಿ ಉಳಿದಾಗ ಗೇಲಿಯಾಗಿದ್ದದ್ದು ದೂರಾಯಿತು. ಮೈಕೆಲ್ ಕಾಲಿಯರ್ ನಂತರ ನಿರ್ದೇಶಕಿಯಾದ ಜೆನಿಫರ್ ಗ್ರೋಟ್ಜ್ ಕಾಲದಲ್ಲಿ ಈ ಪದ್ಧತಿ ನಿಂತಿತು. ಬಡಿಸದೆಯೂ ಸಹಾಯಧನ ಪಡೆಯಬಹುದು. ನ್ಯಾಯವಾದದ್ದೇ. ಆದರೂ ಈಕೆ ಅರ್ಧ ಮನಸ್ಸಿನಲ್ಲಿದ್ದರು, ನಾನೂ. ಒಂದೇ ಅಡುಗೆಮನೆಯಲ್ಲಿ ಬೆವರಿದವರ ನಡುವೆ ಬೆಳೆದ ಗೆಳೆತನ ಚೆಕ್ಕಿನ ಜೊತೆ ಬರುವುದಿಲ್ಲ. ಹಾಗೆಂದು ಅವಮಾನಕ್ಕೆ ಗೆಳೆತನದ ಬಣ್ಣ ಬಳಿಯುವುದು ಉಂಡವರಿಗೆ ಸುಲಭ ಎಂಬುದೂ ನಿಜ.

ದುಡ್ಡಿನ ಮಟ್ಟಿಗೆ ನನಗೆ ಹಿಡಿಸಿದ್ದು ಟೆನೆಸ್ಸಿಯ ಸುವಾನಿ ಶಿಬಿರದ ದಾರಿ. ನಾಟಕಕಾರ ಟೆನೆಸ್ಸಿ ವಿಲಿಯಮ್ಸ್ 1983ರಲ್ಲಿ ತೀರಿಕೊಂಡಾಗ, ತನ್ನ ತಾತ ವಾಲ್ಟರ್ ಡೇಕಿನ್ ಓದಿದ್ದ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಆಸ್ತಿ ಬರೆದಿಟ್ಟಿದ್ದರು. ಆ ನಿಧಿಯಿಂದಲೇ 1990ರಲ್ಲಿ ಶಿಬಿರ ಶುರುವಾಯಿತು. ಎಲ್ಲೋ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ರಂಗವೇರಿದರೆ ಅದರ ಗೌರವಧನ ಹೊಸ ಲೇಖಕರ ಖರ್ಚಿಗೆ ಒದಗುತ್ತದೆ. ಅಲ್ಲಿ ಫೆಲೋಗಳಿಗೆ ತಾತನ ಹೆಸರು, ವಿದ್ಯಾರ್ಥಿವೇತನ ಪಡೆದವರಿಗೆ ಮೊಮ್ಮಗನ ಹೆಸರು.

ಅರ್ಜಿ ಹಾಕುವ ಆಸೆಯಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಶುಲ್ಕದ ಮೊತ್ತ ಕಂಡು ಪುಟ ಮುಚ್ಚಬೇಡಿ. ಸಹಾಯಧನದ ಅರ್ಜಿ ಬೇರೆಯೇ ಇರುತ್ತದೆ, ಗಡುವು ಬೇಸಿಗೆಗಿಂತ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ಶಿಫಾರಸು ಪತ್ರಕ್ಕಿಂತ ಬರಹದ ಹತ್ತಿಪ್ಪತ್ತು ಪುಟ ಮುಖ್ಯ.

ಇಂಟರ್ನ್‌ಶಿಪ್ ಬಗ್ಗೆ ಮಾತ್ರ ನನಗೆ ಅನುಮಾನ ಜಾಸ್ತಿ. ಪತ್ರಿಕೆಗೆ ಬಂದ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದುವ ಕೆಲಸವಾದರೆ ಸೈ, ಕಣ್ಣು ಚುರುಕಾಗುತ್ತದೆ. ಕುರ್ಚಿ ಜೋಡಿಸಿ, ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತರುವ ಕೆಲಸಕ್ಕೂ ಅದೇ ಹೆಸರಿದೆ. ಕೊಲರಾಡೊದ ಬೌಲ್ಡರ್‌ನಲ್ಲಿ 1974ರಲ್ಲಿ ಅಲೆನ್ ಗಿನ್ಸ್‌ಬರ್ಗ್, ಆನ್ ವಾಲ್ಡ್‌ಮನ್ ಸೇರಿ ಹುಟ್ಟುಹಾಕಿದ ಜ್ಯಾಕ್ ಕೆರೊವಾಕ್ ಶಾಲೆಯ ಕಥೆ ಕೇಳಿ. ತಾನೇ ಅಲ್ಲಿನ ಮೊದಲ ವಿದ್ಯಾರ್ಥಿ ಎಂದುಕೊಂಡ ಸ್ಯಾಮ್ ಕ್ಯಾಶ್ನರ್‌ಗೆ ಗುರುಗಳು ಒಪ್ಪಿಸಿದ ಕೆಲಸಗಳಲ್ಲಿ ಎರಡು ಹೀಗಿದ್ದವು: ಗಿನ್ಸ್‌ಬರ್ಗ್ ಅರ್ಧಕ್ಕೆ ಬಿಟ್ಟ ಕವಿತೆಗಳನ್ನು ಮುಗಿಸುವುದು, ಕವಿ ಗ್ರೆಗರಿ ಕಾರ್ಸೊ ಮಾದಕವಸ್ತುವಿನ ಹತ್ತಿರ ಸುಳಿಯದಂತೆ ಕಾಯುವುದು. ಮೊದಲನೆಯದು ಹೇಗೋ ನಡೆಯಿತು. ಎರಡನೆಯದು ಯಾರಿಂದಲೂ ಆಗುವಂಥದ್ದಾಗಿರಲಿಲ್ಲ. 2004ರಲ್ಲಿ ಬಂದ ‘ವೆನ್ ಐ ವಾಸ್ ಕೂಲ್’ ಪುಸ್ತಕದಲ್ಲಿ ಆತ ಇದನ್ನೆಲ್ಲ ನಗುನಗುತ್ತ ಬರೆದಿದ್ದಾನೆ. ಇಷ್ಟೆಲ್ಲ ದುಡಿಸಿಕೊಂಡ ಶಾಲೆಗೆ ಶುಲ್ಕ ಕಟ್ಟಿದವರು ಅವನ ಅಪ್ಪ ಅಮ್ಮ.